ಮಾಮಾ ಕೆತ್ತಿಸಿದ ವೀರಗಲ್ಲು

ನಮ್ಮ ಮಾಮಾ ಕುರುಕ್ಷೇತ್ರದಿಂದ ಹಿಡಿದು ನಿನ್ನೆ ಟಿ.ವಿ.ಯಲ್ಲಿ ತೋರಿಸಿದ ಯುದ್ಧದವರೆಗೆ ಒಂದನ್ನೂ ಬಿಡದೆ ಎಲ್ಲದರಲ್ಲೂ ಹೋರಾಡಿದ್ದಾನೆ. ಆದರೂ ಮೈಮೇಲೆ ಒಂದು ಗೀರು ಇಲ್ಲ! ಎಲ್ಲಿಂದ ಇದ್ದೀತು? ಗಜೇಂದ್ರಗಡದ ತನ್ನ ಮನೆಯಲ್ಲಿ, ಕೈಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತೇ ಅವನು ಅಷ್ಟೂ ಯುದ್ಧ ಮಾಡಿದ್ದು. ಲಾಳಿ ಆ ಕಡೆ ಓಡಿದರೆ ಮರಾಠರು ಮುಂದೆ ಬಂದರು, ಈ ಕಡೆ ಓಡಿದರೆ ಹಿಂದೆ ಸರಿದರು. ಸ್ವತಃ ಅವನು ರಕ್ತ ಕಂಡರೆ ತಲೆ ತಿರುಗಿ ಬೀಳುವ ಆಸಾಮಿ. ಮಾಮಿ ಈಳಿಗೆಗೆ ಬೆರಳು ಕೊಯ್ದುಕೊಂಡರೆ ಮನೆಯವರು ಮೊದಲು ಓಡುವುದು ನೀರಿನ ತಂಬಿಗೆಗೆ, ಮಾಮಾನ ಮುಖಕ್ಕೆ ಚಿಮುಕಿಸಲು.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಇಂಥ ಮನುಷ್ಯ ಹೋದ ಚಳಿಗಾಲದಲ್ಲಿ ಸೈನ್ಯದಲ್ಲಿದ್ದ ತನ್ನ ಒಬ್ಬನೇ ಮಗನನ್ನು ಕಳೆದುಕೊಂಡ. ಮಗನಿಗೊಂದು ವೀರಗಲ್ಲು ನಿಲ್ಲಿಸಲೇಬೇಕು ಎಂದು ಹಟ ಹಿಡಿದ. ಕಲ್ಲೂ ಬಂತು, ಕೆತ್ತುವವನೂ ಸಿಕ್ಕ. ಆದರೆ ಅದರ ಮೇಲೆ ಏನನ್ನು ಕೆತ್ತಿಸಬೇಕು ಎನ್ನುವಲ್ಲಿಗೆ ಬಂದು ಮಾಮಾ ನಿಂತುಬಿಟ್ಟ. ಲೋಕದ ಯುದ್ಧಗಳನ್ನೆಲ್ಲ ಗೆದ್ದವನು ಒಂದು ಕಲ್ಲಿನ ಮುಂದೆ ಸೋತ ಕಥೆ ಇದು. ನಡುವೆ ನಗು ಬಂದರೆ ನಕ್ಕುಬಿಡಿ, ಸಂಕೋಚ ಬೇಡ. ಅವನ ವಿಷಯ ಹೇಳುತ್ತ ನಗದೇ ಇರುವುದು ನನ್ನಿಂದಲೂ ಆಗುವುದಿಲ್ಲ, ಅಳದೇ ಇರುವುದೂ ಆಗುವುದಿಲ್ಲ.

ನಾವು ಚಿಕ್ಕವರಿದ್ದಾಗ ಸೂಟಿ ಬಿದ್ದರೆ ರೋಣದಿಂದ ಗಜೇಂದ್ರಗಡಕ್ಕೆ ಓಡುತ್ತಿದ್ದೆವು. ಉಳಿದ ಮಕ್ಕಳ ಮಾಮಂದಿರು ಅವರಿಗೆ ಪೇಪರಮೆಂಟು ಕೊಡಿಸಿದರೆ, ನಮ್ಮ ಮಾಮಾ ನಮಗೆ ನರಗುಂದದ ಮುತ್ತಿಗೆ ತೋರಿಸುತ್ತಿದ್ದ. ಬುಟ್ಟಿ ಬೋರಲು ಹಾಕಿದರೆ ನರಗುಂದದ ಗುಡ್ಡ. ಮಗ್ಗಕ್ಕೆಂದು ನೂಲು ಸುತ್ತಿಟ್ಟ ಕಂಡಿಕೆಗಳೇ ಸೈನ್ಯ. ಹಳದಿ ಕಂಡಿಕೆಗಳು ಅರಸನ ಕಡೆ, ಕೆಂಪು ಕಂಡಿಕೆಗಳು ಕಂಪನಿ ಸರ್ಕಾರದ ಕಡೆ. ಕೆಂಪಿನವರು ಸಾಲುಸಾಲಾಗಿ ಬಂದು ಬುಟ್ಟಿಯನ್ನು ಸುತ್ತುವರಿಯುತ್ತಿದ್ದಂತೆ ನಮ್ಮ ಉಸಿರು ನಿಂತುಹೋಗುತ್ತಿತ್ತು. ಒಮ್ಮೆ ಇನ್ನೇನು ಕೋಟೆ ಬಿದ್ದೇಬಿಟ್ಟಿತು ಅನ್ನುವಾಗ ಮಾಮಿ ಬಂದು ಕೆಂಪು ಕಂಡಿಕೆಗಳನ್ನೆಲ್ಲ ಉಡಿಯಲ್ಲಿ ಬಾಚಿಕೊಂಡು ಹೊರಟಳು.

"ಏ, ಏ! ಕಂಪನಿ ಸೈನ್ಯ ಎಲ್ಲಿ ಒಯ್ತಿ?" ಎಂದು ಮಾಮಾ ಚೀರಿದ.

"ಸೀರಿ ಅಂಚಿಗೆ ಕೆಂಪು ಸಾಲವಲ್ತು. ನಿಮ್ಮ ಯುದ್ಧ ನಾಳಿಗಿಟ್ಕೋರಿ" ಅಂದಳು ಮಾಮಿ.

ಸಂಜೆಯೊಳಗೆ ಕಂಪನಿಯ ಸೈನ್ಯವೆಲ್ಲ ಒಂದು ಸೀರೆಯ ಅಂಚಿನಲ್ಲಿ ನೇಯ್ದು ಹೋಯಿತು. ಇತಿಹಾಸದಲ್ಲಿ ನರಗುಂದ ಗೆದ್ದದ್ದು ಅದೊಂದೇ ಸಲ!

ಈಗಿನ ಕಾಲದ ಯುದ್ಧಗಳ ಮೇಲೆ ಮಾತ್ರ ಮಾಮಾನಿಗೆ ಎಳ್ಳಷ್ಟೂ ಗೌರವ ಇರಲಿಲ್ಲ. ಟಿ.ವಿ.ಯಲ್ಲಿ ಡ್ರೋನು ಹಾರಿ ಬಾಂಬು ಬೀಳುವುದನ್ನು ನೋಡಿ ಮುಖ ಕಿವಿಚುತ್ತಿದ್ದ. "ಇದೂ ಒಂದು ಯುದ್ಧ ಏನವ್ವಾ? ಎಲ್ಲೋ ಕುರ್ಚಿ ಮ್ಯಾಲೆ ಕುಂತು ಗುಂಡಿ ಒತ್ತೂದು, ಎಲ್ಲೋ ಮಂದಿ ಸಾಯೂದು. ಕತ್ತಿ ಯುದ್ಧ ಅಂದ್ರ ಕೈಮಗ್ಗ. ಇದು ಪವರ್‌ಲೂಮ್ ಯುದ್ಧ!" ಅನ್ನುತ್ತಿದ್ದ. ಪವರ್‌ಲೂಮ್ ಬಂದು ತನ್ನಂಥ ನೇಕಾರರ ಹೊಟ್ಟೆಯ ಮೇಲೆ ಹೊಡೆದ ಸಿಟ್ಟನ್ನು ಆತ ಪಾಪ ಜಗತ್ತಿನ ಸೇನಾಪತಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದ.

ನನ್ನ ಮದುವೆಯೂ ಮಾಮಾನ ಯುದ್ಧನೀತಿಯ ಪ್ರಕಾರವೇ ಆಯಿತು ಅಂದರೆ ನೀವು ನಂಬಲಿಕ್ಕಿಲ್ಲ. ನರಗುಂದದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹಿರಿಯರು ಮಳೆ-ಬೆಳೆ ಮಾತಾಡುತ್ತಿರುವಾಗ ಮಾಮಾ ಹುಡುಗನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, "ನಿಮ್ಮ ಕೋಟಿಗೆ ವೈರಿ ಮುತ್ತಿಗಿ ಹಾಕ್ಯಾನ. ನೀವು ಮದಲ ಏನ ಮಾಡ್ತೀರಿ?" ಎಂದು ಕೇಳಿಬಿಟ್ಟ. ಹುಡುಗ ಚಹದ ಬಸಿ ಕೆಳಗಿಟ್ಟ. ಅವನು ಸೂರು ನೋಡಿದ, ನೆಲ ನೋಡಿದ, ಕೊನೆಗೆ, "ನಮ್ಮಪ್ಪನ್ನ ಕೇಳ್ತೀನ್ರಿ" ಅಂದ. ಕೆಟ್ಟಿತು ಸಂಬಂಧ ಎಂದು ನನ್ನವ್ವ ಬಾಗಿಲ ಮರೆಯಲ್ಲಿ ತಲೆ ಚಚ್ಚಿಕೊಂಡಳು. ಮಾಮಾ ಮಾತ್ರ ತೊಡೆ ತಟ್ಟಿ, "ಭಲೇ! ಸೇನಾಪತಿನ್ನ ಕೇಳದ ಹೆಜ್ಜಿ ಇಡೂದಿಲ್ಲ. ಶಿಸ್ತು ಐತಿ, ಕೊಡ್ರಿ ಹುಡುಗಿನ್ನ!" ಅಂದ. ಕೊಟ್ಟರು. ಇವತ್ತಿಗೂ ನನ್ನ ಗಂಡ ಸಂತೆಗೆ ಹೋದರೆ ಬದನೆಕಾಯಿ ತರಬೇಕೋ ಹೀರೆಕಾಯಿ ತರಬೇಕೋ ಎಂದು ತನ್ನ ಅಪ್ಪನಿಗೆ ಫೋನು ಮಾಡಿ ಕೇಳುತ್ತಾನೆ. ಶಿಸ್ತು!

ಇನ್ನು ವೀರಗಲ್ಲಿನ ಹುಚ್ಚು. ಒಮ್ಮೆ ನಾನೂ ಮಾಮಾನೂ ರೋಣದಿಂದ ಗಜೇಂದ್ರಗಡಕ್ಕೆ ಹೊರಟಾಗ ಮುಶಿಗೇರಿಯ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಪಕ್ಕದ ನಳದ ಹತ್ತಿರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕೆಳಗಿಳಿದ ಮಾಮಾ ಅವರ ಒಗೆಯುವ ಕಲ್ಲನ್ನು ದಿಟ್ಟಿಸಿ ನೋಡಿದವನು ಇದ್ದಕ್ಕಿದ್ದಂತೆ ರಾಡಿಯಲ್ಲಿ ಉದ್ದಕ್ಕೆ ಮಲಗಿಬಿಟ್ಟ! ಕಲ್ಲಿನ ಅಡಿಯಲ್ಲಿ ಅವನಿಗೊಂದು ಕುದುರೆಯ ಕಾಲು ಕಂಡಿತ್ತಂತೆ. ಹೆಂಗಸರಿಗೆ ಅದೇನು ಗೊತ್ತು?

"ಅಯ್ಯಯ್ಯ, ಮೂರ್ಛಿ ರೋಗ ಬಂತು! ಕೈಯಾಗ ಕಬ್ಬಿಣ ಕೊಡ್ರಿ, ಕಬ್ಬಿಣ!" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು ಓಡಿಬಂದು ಮಾಮಾನ ಮುಷ್ಟಿಯಲ್ಲಿ ತನ್ನ ಟಿಜೂರಿಯ ಕೀಲಿಕೈ ತುರುಕಿದಳು. ಮಾಮಾ ಕೀಲಿಕೈ ಹಿಡಿದುಕೊಂಡೇ ಎದ್ದು ನಿಂತು ಅಲ್ಲೇ ಭಾಷಣ ಶುರು ಮಾಡಿದ.

"ಯವ್ವಾ, ನೀವು ಒಗಿಯೂ ಕಲ್ಲು ಮಾಡ್ಕೊಂಡಿದ್ದು ವೀರಗಲ್ಲು! ಇದನ್ನ ಕೆಳಗಿಂದ ಮ್ಯಾಲ ಓದಬೇಕು. ಕೆಳಗಿನ ಪಟ್ಟ್ಯಾಗ ಅಂವ ಯುದ್ಧ ಮಾಡಿ ಸತ್ತದ್ದು. ನಡುವಿನ ಪಟ್ಟ್ಯಾಗ ಅಪ್ಸರೇರು ಅವನ್ನ ಹೊತ್ಕೊಂಡು ಹೊಂಟಾರ. ಮ್ಯಾಲಿನ ಪಟ್ಟ್ಯಾಗ ಅಂವ ಕೈಲಾಸದಾಗ ಲಿಂಗದ ಮುಂದ ಕುಂತಾನ."

"ನಮ್ಮ ಅತ್ತಿ ಕಾಲದಿಂದ ಇದರ ಮ್ಯಾಲೇ ಒಗೀತೀವ್ರಿ. ಅಂವ ಯಾರು, ನಿಮ್ಮ ಬೀಗರೇನು?" ಎಂದಳು ಕೀಲಿಕೈಯ ಒಡತಿ, ಕೈ ಚಾಚುತ್ತ.

ಮುಂದಿನ ವಾರ ಮಾಮಾ ಟ್ರ್ಯಾಕ್ಟರಿನಲ್ಲಿ ಒಂದು ನುಣುಪಾದ ಬಂಡೆ ಹೇರಿಕೊಂಡು ಹೋಗಿ ಅವರಿಗೆ ಕೊಟ್ಟು, ವೀರಗಲ್ಲನ್ನು ಬಿಡಿಸಿ ಊರ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಂದ. "ಕೈದಿಗಳ ವಿನಿಮಯ ಆತು" ಎಂದು ನನಗೆ ಫೋನಿನಲ್ಲಿ ಗಂಭೀರವಾಗಿ ವರದಿ ಒಪ್ಪಿಸಿದ. ಹೊಸ ಬಂಡೆಯ ಮೇಲೆ ನೊರೆ ಚೆನ್ನಾಗಿ ಬರುತ್ತದೆ ಎಂದು ಹೆಂಗಸರೂ ಖುಷಿಯಾಗಿದ್ದರಂತೆ.

ಇಂಥ ವೀರಾಗ್ರಣಿಯ ಹೊಟ್ಟೆಯಲ್ಲಿ ಹುಟ್ಟಿದವನು ಬಸು. ಹಸು ಅಂದರೂ ನಡೆದೀತು, ಅಷ್ಟು ಸಾಧು. ತಾಯಿ ಮಗ್ಗದ ಕೆಲಸದಲ್ಲಿ ಇದ್ದಾಳೆಂದು ಚಿಕ್ಕಂದಿನಲ್ಲೇ ಅಡುಗೆಮನೆ ಹಿಡಿದ. ಗಂಡುಹುಡುಗ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿ ಮಂದಿ ನಕ್ಕರೆ ಮಾಮಾ, "ರಣಭೇರಿ ಬಾರಸೂದು ಕಲ್ಯಾಕತ್ತಾನ" ಎಂದು ತೇಲಿಸಿಬಿಡುತ್ತಿದ್ದ. ಆ ಬಸು ಸೈನ್ಯಕ್ಕೆ ಆಯ್ಕೆಯಾದಾಗ ಮಾಮಾನ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವರನ್ನು ತಿವಿದು ತಿವಿದು ಎಬ್ಬಿಸಿ ಹೇಳಿದ. ಆಮೇಲೆ ಮಗನ ಫೋನು ಬಂತು. ಅವನನ್ನು ಅಡುಗೆಯ ವಿಭಾಗಕ್ಕೆ ಹಾಕಿದ್ದರು.

ಮಾಮಾ ಆಗ ತೋರಿಸಿದ ಚಾಣಾಕ್ಷತನವನ್ನು ಯಾವ ಸೇನಾಪತಿಯೂ ತೋರಿಸಿರಲಿಕ್ಕಿಲ್ಲ. "ಮಗಗ ಯಾವ ಕೆಲಸ ಕೊಟ್ಟಾರ್ರಿ?" ಎಂದು ಯಾರಾದರೂ ಕೇಳಿದರೆ ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಅದು ಗುಪ್ತ. ಹೇಳಾಕ ಬರೂದಿಲ್ಲ" ಅನ್ನುತ್ತಿದ್ದ. ಬಸು ಗೂಢಚಾರನೇ ಇರಬೇಕೆಂದು ಅರ್ಧ ಗಜೇಂದ್ರಗಡ ನಂಬಿತು. ಅವನು ಸೂಟಿಗೆ ಬಂದಾಗ ಓಣಿಯಲ್ಲೊಂದು ಮದುವೆಯಿತ್ತು. ಅಡುಗೆಯವರು ಕೈಕೊಟ್ಟರೆಂದು ಬಸು ಲುಂಗಿ ಎತ್ತಿಕಟ್ಟಿ ಒಲೆಯ ಮುಂದೆ ನಿಂತ, ಊರಿಗೆ ಊರೇ ಬೆರಳು ಚೀಪುವಂಥ ಎಣಗಾಯಿ ಮಾಡಿದ. ಉಂಡು ಕೈ ತೊಳೆಯುತ್ತ ಒಬ್ಬ ಹಿರಿಯ ಮಾಮಾನ ಬೆನ್ನು ತಟ್ಟಿದ. "ನಿಮ್ಮ ಗೂಢಚಾರ ಎಣಗಾಯಿ ಭಾಳ ಚಲೋ ಮಾಡ್ತಾನ ನೋಡ್ರಿ!"

ಮಗ ಫೋನು ಮಾಡಿದಾಗಲೆಲ್ಲ ಅಪ್ಪನದು ಒಂದೇ ಪ್ರಶ್ನೆ. "ವೈರಿ ಎಷ್ಟು ದೂರ ಅದಾನಪಾ?"

"ಇಲ್ಲಿ ವೈರಿ ಅಂದ್ರ ಚಳಿ ಅಪ್ಪಾ. ಬ್ಯಾಳಿ ಬೇಯೂದಿಲ್ಲ ನೋಡು. ಎಷ್ಟು ಕುದಸಿದ್ರೂ ಕಲ್ಲಿನಂಗ ಇರತಾವು."

"ಅದನ್ನ ಬಿಡು. ತೋಪು ಅದಾವಿಲ್ಲೋ?"

"ಅದಾವಪ್ಪಾ. ನೀ ಉಂಡಿಯೇನು?"

ಹೋದ ಚಳಿಗಾಲದಲ್ಲಿ ಒಂದು ದಿನ ಹಿಮ ಬಿದ್ದು ಗುಡ್ಡದ ಮೇಲಿನ ಠಾಣೆಯ ದಾರಿ ಮುಚ್ಚಿಹೋಗಿತ್ತಂತೆ. ಅಲ್ಲಿದ್ದವರಿಗೆ ಬಿಸಿ ಅಡುಗೆ ಮುಟ್ಟಿರಲಿಲ್ಲ. ಹೊತ್ತು ಒಯ್ಯುವುದು ಬಸುವಿನ ಕೆಲಸವೇ ಅಲ್ಲ. ಆದರೂ ಚಪಾತಿ, ಪಲ್ಯದ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಹೊರಟ. ಜೊತೆಗೆ ಹೋಗಿ ಬದುಕಿ ಬಂದ ಬಾಗಲಕೋಟೆ ಕಡೆಯ ಹುಡುಗ ಆಮೇಲೆ ಮಾಮಾನಿಗೆ ಫೋನಿನಲ್ಲಿ ಅಳುತ್ತ ಹೇಳಿದ, "ಬ್ಯಾಡ ಅಂದ್ವಿರಿ ಕಾಕಾ. ಮ್ಯಾಲಿನವರು ಉಪಾಸ ಅದಾರ ಅಂದ, ಹೊಂಟಬಿಟ್ಟ. ಡಬ್ಬಿ ಮುಟ್ಟಿಸಿ ಹೊಳ್ಳಿ ಬರುವಾಗ ಮ್ಯಾಲಿಂದ ಹಿಮ ಜಾರಿ ಬಂತ್ರಿ." ವೈರಿ ಅಲ್ಲಿ ಎಲ್ಲೂ ಇರಲಿಲ್ಲ. ಗುಂಡೂ ಹಾರಲಿಲ್ಲ.

ಬಸು ಮೂರು ಬಣ್ಣದ ಬಾವುಟ ಸುತ್ತಿಕೊಂಡು ಊರಿಗೆ ಬಂದ. ರಸ್ತೆಯ ಎರಡೂ ಬದಿಗೆ ಮಂದಿ ಕೈಮುಗಿದು ನಿಂತಿದ್ದರು. ಬಸ್ ನಿಲ್ದಾಣದ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ ಅವನ ಮುಖವನ್ನು ಯಾರದೋ ಗಟ್ಟಿಮುಟ್ಟಾದ ಮೈಗೆ ಅಂಟಿಸಿ, ಹಿಂದೆ ಎರಡು ಟ್ಯಾಂಕು ನಿಲ್ಲಿಸಿದ್ದರು. ಮುಖಂಡರೊಬ್ಬರು ಮೈಕಿನಲ್ಲಿ, "ವೈರಿಗಳ ರುಂಡ ಚೆಂಡಾಡಿದ ವೀರ!" ಎಂದು ಗರ್ಜಿಸಿದರು. ಮಾಮಾ ಕಣ್ಣು ಮಿಟುಕಿಸದೆ ನೆಟ್ಟಗೆ ನಿಂತಿದ್ದ. ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ, "ಉಳ್ಳಾಗಡ್ಡಿ ಬಿಟ್ರ ನನ್ನ ಮಗ ಯಾರ ತಲೀನೂ ಕಡದಾಂವಲ್ಲವ್ವಾ" ಅಂದ. ನನಗೆ ಅಷ್ಟು ಮಂದಿಯ ನಡುವೆ ನಗು ಬಂತು. ನಗು ಅಂದುಕೊಂಡು ಬಾಯಿ ತೆರೆದರೆ ಹೊರಗೆ ಬಂದದ್ದು ಅಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮಾಮಾ ವೀರಗಲ್ಲಿನ ಮಾತು ಎತ್ತಿದ. ಶಿರೋಳದಲ್ಲಿ ಕಲ್ಲು ಕೆತ್ತುವ ಮೇಸ್ತ್ರಿಯೊಬ್ಬ ಒಪ್ಪಿಕೊಂಡ. ಮೂರು ಪಟ್ಟಿ ಗೆರೆ ಹಾಕಿ, "ಕೆಳಗಿನ ಪಟ್ಟ್ಯಾಗ ಏನ ತಗೀಲ್ರಿ? ಹ್ಯಾಂಗ ತೀರಿಕೊಂಡ್ರು ನಿಮ್ಮ ಮಗ?" ಎಂದು ಕೇಳಿದ. ಯಾವ ಅರಸನ ಸೈನ್ಯ ಯಾವ ದಿಕ್ಕಿನಿಂದ ಬಂತು ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳಬಲ್ಲವನಿಗೆ ತನ್ನ ಮಗ ಸತ್ತದ್ದು ಹೇಗೆಂದು ಹೇಳಲಾಗಲಿಲ್ಲ. "ಎಲ್ಲಾ ಕಲ್ಲಿನಾಗ ಇರತದಲ್ಲ, ಹಂಗ ತಗಿ" ಎಂದು ಎದ್ದು ಬಂದ. ಮೇಸ್ತ್ರಿ ಸೀಮೆಸುಣ್ಣದಿಂದ ಚಿತ್ರ ಬರೆದಿಟ್ಟು ಹೇಳಿಕಳಿಸಿದ. ನೋಡಲು ಮಾಮಾ, ಮಾಮಿ, ನಾನು ಮೂವರೂ ಹೋದೆವು.

ಮಾಮಿ ಕಲ್ಲನ್ನು ಮೇಲಿನಿಂದ ನೋಡತೊಡಗಿದಳು. "ಕೆಳಗಿಂದ ಮ್ಯಾಲ ಓದಬೇಕ ಅದನ್ನ" ಎಂದು ಮಾಮಾ ತಿದ್ದಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತವನನ್ನು ನೋಡಿ, "ಇದು ಇರಲಿ" ಅಂದಳು. ನಡುವಿನ ಪಟ್ಟಿಗೆ ಬಂದಳು.

"ಈ ಹೆಣ್ಣಮಕ್ಕಳು ಯಾರು?"

"ಅಪ್ಸರೇರು. ಅವನ್ನ ಸ್ವರ್ಗಕ್ಕ ಒಯ್ಯಾಕತ್ತಾರ."

"ಲಗ್ನ ಆಗದ ಹುಡುಗನ್ನ ಹಿಂಗ ಅರ್ಧಂಬರ್ಧ ಉಟ್ಟವರು ಹೊತ್ಕೊಂಡು ಹ್ವಾದ್ರ ನೋಡಿದ ಮಂದಿ ಏನಂದಾರು?" ಎಂದು ಮಾಮಿ ಮೇಸ್ತ್ರಿಯ ಕಡೆ ತಿರುಗಿದಳು. "ಮೈತುಂಬ ಸೀರಿ ಉಡಸ್ರಿ ಇವರಿಗೆ. ನಮ್ಮೂರ ಸೀರಿ. ಅಂಚು ಅಗಲ ಇರಲಿ."

ಮೇಸ್ತ್ರಿ ತಲೆ ಆಡಿಸಿದ. ಸ್ವರ್ಗದ ಅಪ್ಸರೆಯರಿಗೆ ಗಜೇಂದ್ರಗಡದ ಕೈಮಗ್ಗದ ಸೀರೆ ಉಡಿಸಿದ ಕೀರ್ತಿ ಲೋಕದಲ್ಲಿ ನಮ್ಮ ಮಾಮಿ ಒಬ್ಬಳಿಗೇ ಸಲ್ಲಬೇಕು! ಆಮೇಲೆ ಅವಳ ಕಣ್ಣು ಕೆಳಗಿನ ಪಟ್ಟಿಗೆ ಇಳಿಯಿತು. ಕುದುರೆಯ ಮೇಲೆ ಕತ್ತಿ ಎತ್ತಿದ ವೀರ. ಕುದುರೆಯ ಕಾಲ ಕೆಳಗೆ ಬಿದ್ದ ಮೂವರು.

"ಇಂವ ಯಾರು?"

"ನಮ್ಮ ಬಸು" ಅಂದ ಮಾಮಾ, ಆ ಕಡೆ ನೋಡದೆ.

"ಕೆಳಗ ಬಿದ್ದವರು?"

"ವೈರಿಗಳು."

ಮಾಮಿ ಬಿದ್ದವರ ಮೇಲೆ ಒಬ್ಬೊಬ್ಬರಂತೆ ಬೆರಳಿಟ್ಟಳು. "ಇವರವ್ವಗೋಳು ಎಲ್ಲಿ ಅದಾರು?" ಎಂದು ಕೇಳಿದಳು. "ನನ್ನ ಮಗ ಹಸದವರಿಗೆ ರೊಟ್ಟಿ ಒಯ್ದು ಸತ್ತಾನ. ಅವನ ಹೆಸರಿನ್ಯಾಗ ನೀವು ಮೂರು ಮಂದಿ ತಾಯಂದಿರನ್ನ ಅಳಸಬ್ಯಾಡ್ರಿ" ಅಂದವಳೇ ಹೊರಗೆ ಹೋಗಿ ಕಲ್ಲಿನ ಚೂರುಗಳ ಮೇಲೆ ಕುಳಿತುಬಿಟ್ಟಳು.

ಅವತ್ತಿನಿಂದ ಮಾಮಾನ ಮಗ್ಗ ನಿಂತಿತು. ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದ. ಒಂದು ಬೆಳಿಗ್ಗೆ ನರಗುಂದದ ನನ್ನ ಮನೆಗೆ ಬಂದು, "ಮುಶಿಗೇರಿಗೆ ಹೋಗೂಣು, ನಡಿಯವ್ವಾ" ಎಂದು ನನ್ನನ್ನು ಎಬ್ಬಿಸಿಕೊಂಡು ಹೋದ. ಬೇವಿನ ಗಿಡದ ಕೆಳಗೆ ತಾನೇ ನಿಲ್ಲಿಸಿದ್ದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೆಳಗಿನ ಪಟ್ಟಿಯ ಮೇಲೆ ಬೆರಳಾಡಿಸಿದ.

"ನೋಡಿಲ್ಲೆ. ಕುದುರಿ ಕಾಲಾಗ ಬಿದ್ದಾನಲ್ಲ, ಇವನ ಕಿವ್ಯಾಗೂ ವಾಲಿ ಅದಾವು. ಯಾರೋ ತೊಡಿ ಮ್ಯಾಲೆ ಕೂಡಿಸ್ಕೊಂಡು ಕಿವಿ ಚುಚ್ಚಿಸ್ಯಾರ. ಅತ್ತಾನೇನೋ ಅವತ್ತ. ಇಷ್ಟ ವರ್ಷ ಇಂಥಾ ಕಲ್ಲು ನೋಡೀನಿ. ಒಂದ ದಿನರ ಇಂವ ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ."

ನಾನು ಅವನ ಭುಜದ ಮೇಲೆ ಕೈ ಇಟ್ಟೆ. ಯಾವಾಗಲೂ ಬಡಬಡಿಸುವ ಮನುಷ್ಯ ಸುಮ್ಮನಾದರೆ ಅದನ್ನು ನೋಡುವುದು ಬಹಳ ಕಷ್ಟ. ಸುಳ್ಳಾದರೂ ಒಂದು ಯುದ್ಧ ಶುರು ಮಾಡಪ್ಪಾ ಎಂದು ಬೇಡಿಕೊಳ್ಳಬೇಕೆನಿಸಿತು. ಅವನು ಎದ್ದು, ಧೋತರ ಜಾಡಿಸಿಕೊಂಡು, ಅಲ್ಲಿಂದಲೇ ನನ್ನನ್ನೂ ಕರೆದುಕೊಂಡು ಶಿರೋಳದ ಬಸ್ಸು ಹಿಡಿದ.

ಮೇಸ್ತ್ರಿಯ ಅಂಗಳದಲ್ಲಿ ಧೋತರದ ಚುಂಗಿನಿಂದ ಸೀಮೆಸುಣ್ಣದ ಕುದುರೆಯನ್ನೂ ಕತ್ತಿಯನ್ನೂ ತಾನೇ ಒರೆಸಿ ಹಾಕಿದ. "ಒಲಿ ತಗಿ. ಒಲಿ ಮ್ಯಾಲೆ ದೊಡ್ಡ ಬೋಗಾಣಿ. ನನ್ನ ಮಗನ ಕೈಯಾಗ ಸೌಟು ಕೊಡು. ಮುಂದ ಸಿಪಾಯಿಗೋಳು ಸಾಲಾಗಿ ಉಣ್ಣಾಕ ಕುಂತಿರಲಿ" ಅಂದ. ಮೇಸ್ತ್ರಿ ಕಕ್ಕಾಬಿಕ್ಕಿಯಾದ.

"ಇಂಥಾ ವೀರಗಲ್ಲು ಎಲ್ಲೂ ಇಲ್ಲರಿ ಯಜಮಾನ್ರ! ಮಂದಿ ನಗತಾರ."

"ನಗಲಿ. ನನ್ನ ಮಗ ನಗುವ ಮಂದಿಗೂ ಉಣ್ಣಾಕ ನೀಡ್ಯಾನ."

ಕೆತ್ತನೆ ಮುಗಿಯುವ ಹೊತ್ತಿಗೆ ನಾವು ಮೂವರೂ ಮತ್ತೆ ಹೋದೆವು. ಒಲೆ ಇತ್ತು, ಬೋಗಾಣಿ ಇತ್ತು, ತುಸು ಬಾಗಿ ಬಡಿಸುತ್ತಿರುವ ಬಸು ಇದ್ದ. ಮಾಮಿ ಮೊದಲ ಸಲ "ಹ್ಞೂಂ, ಇಂವ ನಮ್ಮಾಂವ" ಅಂದಳು. ಉಣ್ಣುವವರ ಸಾಲಿನ ಕೊನೆಗೆ ಗೇಣಗಲ ಜಾಗ ಖಾಲಿ ಉಳಿದಿತ್ತು. "ಇಲ್ಲೊಬ್ಬ ಸಿಪಾಯಿ ಹಿಡೀತಾನ್ರಿ, ಕೂಡಸಲೇನು?" ಎಂದು ಮೇಸ್ತ್ರಿ ಉಳಿ ಎತ್ತಿದ.

ಮಾಮಾ ಅವನ ಕೈ ಹಿಡಿದ.

"ಬ್ಯಾಡ. ಅಲ್ಲೊಂದು ತಾಟು ಅಷ್ಟ ತಗಿ. ಅಂವ ಎಲ್ಲಾರಿಗೂ ನೀಡಿ ಕಡೀಕ ಉಣ್ಣಾಂವ." ಮೇಸ್ತ್ರಿಯ ಕೈಯನ್ನು ಅವನು ಇನ್ನೂ ಬಿಟ್ಟಿರಲಿಲ್ಲ. "ಇನ್ನೂ ಉಂಡಿಲ್ಲ ಅಂವ."

ಮಾಮಿ ಮುಂದೆ ಬಂದು ಆ ಖಾಲಿ ಜಾಗದ ಮೇಲೆ ಕುಳಿತಿದ್ದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು.